ಅಪ್‌ಡೇಟ್: ಕಾರವಾರದ ಹಳೆ ಲ್ಯಾಪ್‌ಟಾಪ್, 5,000 ವಾಪಸ್ ಬಂತು

ಹಿಂದಿನದು ಓದದವರಿಗೆ: ತಂಗಿಯ ಓದಿಗೆಂದು ಕಾರವಾರದ ಅಪರಿಚಿತ ಹುಡುಗನಿಂದ 17,000ಕ್ಕೆ ಲ್ಯಾಪ್‌ಟಾಪ್ ತಗೊಂಡಿದ್ದೆ. ಶಿರಸಿಗೆ ತಂದ ಎಂಟೇ ದಿನಕ್ಕೆ ಚಾರ್ಜ್ ನಿಲ್ಲದಾಯ್ತು. "ಕೊಡುವಾಗ ಸರಿ ಇತ್ತು" ಅಂದವನು ಆಮೇಲೆ ಫೋನೇ ಎತ್ತಲಿಲ್ಲ.

ನೀವು ಹೇಳಿದ ಹಾಗೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದೆ. ಬ್ಯಾಟರಿ ಪೂರ್ತಿ ತುಂಬಿದರೆ ಹಿಡಿಯೋ ಚಾರ್ಜ್ ಹೊಸದಿದ್ದಾಗ 41,000 ಮಿಲಿವ್ಯಾಟ್ ಅವರ್, ಈಗ 12,600. ಅದರಲ್ಲಿ ಹಳೆ ವಾರಗಳ ಲೆಕ್ಕವೂ ಇರುತ್ತೆ. ನಾನು ತಗೊಳ್ಳೋಕೆ ತಿಂಗಳ ಮುಂಚೆಯೂ ಅಷ್ಟೇ ಇತ್ತು! ಆ ಪುಟದ ಫೋಟೋ ಕಳಿಸಿದೆ. ಅದೇ ಸಂಜೆ ಅವನದೇ ಫೋನ್.

ಇಬ್ಬರಿಗೂ ನಡುವೆ ಅಂತ ಕುಮಟಾದಲ್ಲಿ ಸೇರಿದೆವು. ರಿಪೇರಿಯವರು ಬಿಚ್ಚಿದರೆ ಚಾರ್ಜಿಂಗ್ ಪಿನ್ ಸುತ್ತ ಹಸಿರು ಕಿಲುಬು, ಕಡಲ ಗಾಳಿಯದ್ದು. "ಅಕ್ಕಾ, ಒಳಗಿಂದು ನಂಗೂ ಗೊತ್ತಿರ್ಲಿಲ್ಲ" ಅಂದ. ಪಿನ್ ವಿಷಯದಲ್ಲಿ ನಂಬಿದೆ. ಬ್ಯಾಟರಿ ವಿಷಯದಲ್ಲಿ ನಂಬಲಿಲ್ಲ, ಹಾಗಂತ ಮುಖದ ಮೇಲೇ ಹೇಳಿದೆ. ಅಲ್ಲೇ ನಿಂತು 5,000 ಯುಪಿಐ ಮಾಡಿದ.

ಗ್ರಾಹಕರ ಆಯೋಗಕ್ಕೆ ಹೋಗಿ ಅಂದವರಿಗೆ: ಅಲ್ಲಿ ನಡೆಯೋದು ವ್ಯಾಪಾರಿಗಳ ಮೇಲಿನ ದೂರು. ತಾನು ಬಳಸಿದ್ದನ್ನು ಒಮ್ಮೆ ಮಾರಿದವನ ಮೇಲೆ ಸಿವಿಲ್ ಕೋರ್ಟೇ ಗತಿ.

ಹೊಸ ಬ್ಯಾಟರಿ ಹಾಕಿಸಿದ್ದೇನೆ. ತಂಗಿ ನಿನ್ನೆ ರಾತ್ರಿ ಕರೆಂಟ್ ಹೋದಾಗಲೂ ಓದಿದಳು.