ಕಳೆದುಕೊಂಡ ಆತ್ಮಿಕ ಅಧಿಕಾರ ಮರಳಿ ಬರುವುದು ಹೇಗೆ?

ಪ್ರಶ್ನೆ: ಹಲವು ವರ್ಷ ಪ್ರಾರ್ಥನಾ ಕೂಟ ನಡೆಸಿದ ನಾನು, ಮನೆಯಲ್ಲಿ ಕೋಪಕ್ಕೆ ಮಣಿದು ಮನಸ್ಸನ್ನು ಕಲ್ಲಾಗಿಸಿಕೊಂಡ ಮೇಲೆ, ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸುವಾಗ ನನ್ನ ಮಾತೇ ನನಗೆ ಟೊಳ್ಳಾಗಿ ಕೇಳಿಸುತ್ತಿದೆ. ಆ ಅಧಿಕಾರ ಮರಳಿ ದೊರೆಯುವುದೇ?

ಉತ್ತರ 1: ಸಹೋದರರೇ, ಅಪೊಸ್ತಲರ ಕೃತ್ಯಗಳು 19ನೆಯ ಅಧ್ಯಾಯವನ್ನು ನೋಡಿರಿ. ಎಫೆಸ ಪಟ್ಟಣದಲ್ಲಿ ಸ್ಕೇವನೆಂಬ ಯೆಹೂದ್ಯ ಮುಖ್ಯಯಾಜಕನ ಏಳು ಮಂದಿ ಮಕ್ಕಳು ದೆವ್ವ ಬಿಡಿಸಲು ಯೇಸುವಿನ ಹೆಸರನ್ನು ಬರಿಯ ಮಂತ್ರದಂತೆ ಬಳಸಿ, ಕಡೆಗೆ ದೆವ್ವ ಹಿಡಿದವನಿಂದಲೇ ಗಾಯಗೊಂಡು ಬೆತ್ತಲೆಯಾಗಿ ಓಡಿಹೋದರು. ಆತನನ್ನು ಅರಿಯದ ಬಾಯಿಗೆ ಆ ಹೆಸರು ಒಲಿಯಲಿಲ್ಲ.

ಉತ್ತರ 2: ನನಗೆ ಯೇಸುವಿನ ಶಿಷ್ಯ ಪೇತ್ರನ ಪ್ರಸಂಗವೇ ಇನ್ನೂ ಹತ್ತಿರ. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತ ಮೂರು ಸಲ ಗುರುವನ್ನು ಅಲ್ಲಗಳೆದವನಿಗೆ, ತಿಬೇರಿಯ ಸಮುದ್ರದ ದಡದಲ್ಲಿ ಮತ್ತೆ ಕೆಂಡದ ಬೆಂಕಿಯೇ ಎದುರಾಯಿತು. ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಅಲ್ಲಿ ಯೇಸು ಅವನ ಸಾಮರ್ಥ್ಯವನ್ನು ವಿಚಾರಿಸದೆ, ಪ್ರೀತಿಯನ್ನು ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು, ಅಂದರೆ ತನ್ನನ್ನು ನಂಬುವವರನ್ನು, ಅವನಿಗೆ ಒಪ್ಪಿಸಿದನು. ಮೂರನೆಯ ಸಲ ಪೇತ್ರನು ದುಃಖಪಟ್ಟನೆಂದು ಯೋಹಾನನು ಬರೆದಿದ್ದಾನೆ. ಆ ನೋವಿನಲ್ಲೇ ಅವನ ಹೃದಯ ಮೆತ್ತಗಾಯಿತೆಂದು ನಾನು ನಂಬುತ್ತೇನೆ.

ಉತ್ತರ 3: ರೋಮಾಪುರದವರಿಗೆ 12:2ರಲ್ಲಿ ಮಾರ್ಪಾಟನ್ನು ಕುರಿತು ಪೌಲನು ಬಳಸಿದ ಗ್ರೀಕ್ ಕ್ರಿಯಾಪದ ಕರ್ಮಣಿಯಲ್ಲಿದೆ; ಮಾರ್ಪಡಿಸುವವನು ದೇವರು, ಒಪ್ಪಿಸಿಕೊಡಬೇಕಾದವರು ನಾವು. ಇಂದೇ ಮನೆಯವರ ಬಳಿ ಕುಳಿತು ಕ್ಷಮೆ ಕೇಳಿರಿ. ಕೂಟದ ಪ್ರಾರ್ಥನೆ ಅನಂತರವಾಗಲಿ.