ಸಹಾಯ ಬೇಕು: ಬೆಳ್ಳಂದೂರು ಕೆರೆ ಹೂಳಿನಲ್ಲಿ ಮೈಕ್ರೋಪ್ಲಾಸ್ಟಿಕ್ ಎಣಿಕೆ

ನಮಸ್ಕಾರ. ಮೈಕ್ರೋಪ್ಲಾಸ್ಟಿಕ್ (ಅತಿ ಸಣ್ಣ ಪ್ಲಾಸ್ಟಿಕ್ ಚೂರು) ಎಣಿಸುವ ಮೊದಲು ಹೂಳಿನ ಸಾವಯವ ಅಂಶ ತೆಗೆಯುವಾಗಲೇ ತೊಡಕಾಗಿದೆ. 0.05 ಮೋಲಾರ್ ಫೆರಸ್ ಸಲ್ಫೇಟ್ 20 ಮಿ.ಲೀ., ಶೇ 30ರ ಹೈಡ್ರೋಜನ್ ಪೆರಾಕ್ಸೈಡ್ 20 ಮಿ.ಲೀ. ಹಾಕುತ್ತೇವೆ. ನೊರೆ ಉಕ್ಕುತ್ತದೆ, ಐಸ್ ನೀರಿನಲ್ಲಿಟ್ಟು 60 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತೇವೆ. ಆದರೂ ಜೊಂಡಿನ ನಾರು ಉಳಿಯುತ್ತದೆ, ಅದೂ ಪ್ಲಾಸ್ಟಿಕ್ ಗುರುತಿಸಲು ಹಾಕುವ ನೈಲ್ ರೆಡ್ ಬಣ್ಣ ಹೀರಿ ಪ್ಲಾಸ್ಟಿಕ್‌ನಂತೆಯೇ ಹೊಳೆಯುತ್ತದೆ. ಹೀಗಾದರೆ ಎಣಿಕೆ ನಂಬುವಂತಿಲ್ಲ. ನಾರು ಕರಗಿಸಲು ಬಿಸಿ ಕ್ಷಾರ, ಗಾಢ ಆಮ್ಲ ಬಳಸೋಣವೆಂದರೆ, ಬಿಸಿ ಕ್ಷಾರ ಪಿಇಟಿಯನ್ನೂ (ನೀರಿನ ಬಾಟಲಿಯ ಪ್ಲಾಸ್ಟಿಕ್) ಗಾಢ ಆಮ್ಲ ನೈಲಾನನ್ನೂ ತಿನ್ನುತ್ತವೆ, ಅವು ಬೇಡವೇ ಬೇಡ.

ಸಸ್ಯದ ನಾರನ್ನು ಒಡೆಯುವ ಸೆಲ್ಯುಲೇಸ್ ಕಿಣ್ವ ಬಳಸಿದವರು ಪ್ರಮಾಣ, ಪಿಹೆಚ್, ಅವಧಿ ತಿಳಿಸಿ. ಹೂಳಿನಿಂದ ಪ್ಲಾಸ್ಟಿಕ್ ತೇಲಿಸಿ ಬೇರ್ಪಡಿಸಲು, ಅಡುಗೆ ಉಪ್ಪಿನ ದ್ರಾವಣದಲ್ಲಿ (ಸಾಂದ್ರತೆ ಮಿ.ಲೀ.ಗೆ 1.2 ಗ್ರಾಂ) ಪಿಇಟಿ, ಪಿವಿಸಿ ತೇಲದ ಕಾರಣ 1.6 ಸಾಂದ್ರತೆಯ ಜಿಂಕ್ ಕ್ಲೋರೈಡ್ ದ್ರಾವಣ ಬಳಸುತ್ತಿದ್ದೇವೆ. ಇದನ್ನು ಸೋಸಿ ಮರುಬಳಸುವವರ ಸಲಹೆಯೂ ಬೇಕು. ಬೆಂಗಳೂರಲ್ಲಿ ಹೊರಗಿನವರಿಗೂ ಮೈಕ್ರೋ ಎಫ್‌ಟಿಐಆರ್ (ಅವಕೆಂಪು ಬೆಳಕಿನಿಂದ ಚೂರು ಯಾವ ಪ್ಲಾಸ್ಟಿಕ್ ಎಂದು ಗುರುತಿಸುವ ಪರೀಕ್ಷೆ) ಮಾಡಿಕೊಡುವ ಲ್ಯಾಬ್ ಗೊತ್ತಿದ್ದರೆ ದಯವಿಟ್ಟು ಹೇಳಿ.