ಅಡುಗೆ ಅನಿಲ ಹೆಚ್ಚು ದಿನ ಬರಲು ಏನು ಮಾಡಬೇಕು?

ಪ್ರಶ್ನೆ: ಐದು ಜನರಿರುವ ನಮ್ಮ ಮನೆಯಲ್ಲಿ 14.2 ಕಿಲೋ ಸಿಲಿಂಡರ್ ತಿಂಗಳು ತುಂಬುವ ಮೊದಲೇ ಮುಗಿಯುತ್ತಿದೆ. ಊಟ ತಿಂಡಿಗೆ ಕೊರತೆ ಮಾಡದೆ ಉಳಿಸುವ ದಾರಿಯನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಉರಿಯ ಬಣ್ಣವನ್ನು ನೋಡಿ. ಅದು ನೀಲಿಯಾಗಿರದೆ ಹಳದಿಯಾಗಿದ್ದು, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಉಕ್ಕಿದ ಹಾಲು, ಗಂಜಿ ಬರ್ನರಿನ ತೂತುಗಳಲ್ಲಿ ಕಟ್ಟಿಕೊಂಡು ಅನಿಲ ಪೂರ್ತಿ ಉರಿಯದಿರುವ ಸಾಧ್ಯತೆ ಹೆಚ್ಚು. ಒಲೆ ತಣ್ಣಗಾದ ಮೇಲೆ ಬರ್ನರನ್ನು ತೆಗೆದು, ಸೋಪಿನ ನೀರಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿಯೇ ಮತ್ತೆ ಕೂರಿಸಿ.

ಉತ್ತರ 2: ಕಡಲೆ, ಹುರುಳಿ, ಅಲಸಂದೆಗಳನ್ನು ರಾತ್ರಿಯೇ ನೆನೆಹಾಕಿ. ಕುಕ್ಕರ್ ಕೂಗಿದ ಮೇಲೂ ಉರಿಯನ್ನು ಜೋರಾಗಿ ಬಿಡುವುದು ಶುದ್ಧ ದಂಡ, ಏಕೆಂದರೆ ಒತ್ತಡ ತುಂಬಿದ ನಂತರ ಒಳಗಿನ ಬಿಸಿ ಹೆಚ್ಚುವುದಿಲ್ಲ, ಮಿಕ್ಕ ಶಾಖವೆಲ್ಲ ಹಬೆಯಾಗಿ ಹೊರಹೋಗುತ್ತದೆ.

ಉತ್ತರ 3: ರಬ್ಬರ್ ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ದರೆ ತಕ್ಷಣ ರೆಗ್ಯುಲೇಟರ್ ಮುಚ್ಚಿ ಏಜೆನ್ಸಿಯವರನ್ನು ಕರೆಸಿ.